ಶಿಷ್ಯನ ಪ್ರಶ್ನೆಯೂ ಕಾಡುಕೋಳಿಯ ಕೂಗೂ

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ತಿಂಗಳು ದೀರ್ಘವಾದ ಮಿಂಚಂಚೆ ಬರೆದು, ಕೊನೆಯಲ್ಲಿ ಒಂದು ಪ್ರಶ್ನೆ ಕೇಳಿದ್ದಾನೆ. "ಮೇಷ್ಟ್ರೇ, ಇಲ್ಲಿ ಸರ್ಕಾರವೇ ಪರವಾನಗಿ ಕೊಟ್ಟು ಕಾಡಿನ ಟರ್ಕಿ ಕೋಳಿಯನ್ನು ಹೊಡೆಯಲು ಬಿಡುತ್ತದೆ, ಆದರೂ ಕಾಡಿನ ತುಂಬ ಕೋಳಿ. ನಮ್ಮ ಮುದ್ದೇನಹಳ್ಳಿಯ ಕಡೆ ಬೇಟೆಗೆ ನಿಷೇಧವಿದೆ. ಆದರೂ ಬೆಟ್ಟದ ಬುಡದಲ್ಲಿ ಕಾಡುಕೋಳಿಯ ಕೂಗು ಕೇಳುವುದೇ ಅಪರೂಪವೆಂದು ಅಣ್ಣ ಹೇಳುತ್ತಾನೆ. ಹಾಗಾದರೆ ತಪ್ಪಿರುವುದು ನಮ್ಮ ಕಾನೂನಿನಲ್ಲೇ ಅಲ್ಲವೇ?"

ಪ್ರಶ್ನೆ ಒಳ್ಳೆಯದು. ಅವನೊಬ್ಬನಿಗೇ ಉತ್ತರ ಬರೆದು ಮುಗಿಸಬಹುದಿತ್ತು. ಆದರೆ ಇದನ್ನು ಓದುವ ನಮ್ಮ ನೆಂಟರಿಷ್ಟರಲ್ಲಿಯೂ ಕೆಲವರಿಗೆ ಸಂಬಂಧಿಸಿದ ವಿಷಯವಾದ್ದರಿಂದ ಇಲ್ಲಿಯೇ ಬರೆಯುತ್ತಿದ್ದೇನೆ. ಯಾರಿಗೆ ಸಂಬಂಧಿಸಿದ್ದು ಎಂಬುದು ಮುಂದೆ ತಾನಾಗಿಯೇ ತಿಳಿಯುತ್ತದೆ.

ಮೊದಲಿಗೆ ಆ ಟರ್ಕಿ ಕೋಳಿಯ ವಿಚಾರ. ಹೆಸರಿನಲ್ಲಿ ಟರ್ಕಿ ಇದ್ದರೂ ಅದು ಆ ದೇಶದ್ದಲ್ಲ. ಅಪ್ಪಟ ಅಮೆರಿಕ ಖಂಡದ ಹಕ್ಕಿ. ತಮಾಷೆಯೆಂದರೆ ಟರ್ಕಿಯವರು ಅದನ್ನು ತಮ್ಮ ಭಾಷೆಯಲ್ಲಿ 'ಹಿಂದಿ' ಎಂದು, ಅಂದರೆ ನಮ್ಮ ದೇಶದ್ದೆಂದು ಕರೆಯುತ್ತಾರೆ! ನಮ್ಮ ದೇಶಕ್ಕೋ ಅದು ಪೋರ್ಚುಗೀಸರ ಗೋವಾದ ಮೂಲಕ ಬಂತು. 1612ರಲ್ಲಿ ಗೋವಾದಿಂದ ತರಿಸಿದ ಹಕ್ಕಿಯೊಂದನ್ನು ಕಂಡು ಬೆರಗಾದ ಜಹಾಂಗೀರ್ ಬಾದಶಹ ತನ್ನ ಆಸ್ಥಾನದ ಚಿತ್ರಕಾರ ಮನ್ಸೂರನಿಂದ ಅದರ ಚಿತ್ರ ಬರೆಸಿದ.

ನಮ್ಮ ಕಡೆ ಕೆಲವರು ಸಾಕುವ ಟರ್ಕಿ ಕೋಳಿಯನ್ನು ನೋಡಿ ಕಾಡಿನದನ್ನು ಅಳೆಯುವಂತಿಲ್ಲ. ಅದರ ದೃಷ್ಟಿ ಬಹು ತೀಕ್ಷ್ಣ. ಬೇಟೆಗಾರ ಮರಕ್ಕೆ ಬೆನ್ನು ಕೊಟ್ಟು, ಮೈಮೇಲೆ ಎಲೆಯ ಬಣ್ಣದ ಬಟ್ಟೆ, ಮುಖಕ್ಕೆ ಮುಸುಕು ಹಾಕಿಕೊಂಡು ಕುಳಿತಿದ್ದರೂ ಒಂದು ಬೆರಳು ಅಲುಗಿದರೆ ಸಾಕು, ಹಕ್ಕಿ ಮಾಯ. ವಸಂತಕಾಲದಲ್ಲಿ ಹುಂಜವು ಮುಂಜಾವಿನಲ್ಲಿ ಮರದ ಮೇಲಿನಿಂದಲೇ ಗುಳುಗುಳು ಎಂದು ಸದ್ದುಮಾಡುತ್ತದೆ. ಬೇಟೆಗಾರ ಮರದ ಪೆಟ್ಟಿಗೆಯನ್ನೋ ಕಲ್ಲಿನ ಬಿಲ್ಲೆಯನ್ನೋ ಉಜ್ಜಿ ಹೇಟೆಯ ದನಿಯನ್ನು ಅನುಕರಿಸಿ ಅದನ್ನು ಹತ್ತಿರ ಕರೆಯಬೇಕು. ತೊಡಕಿರುವುದು ಇಲ್ಲಿಯೇ. ಆ ಹಕ್ಕಿಯ ಲೋಕದಲ್ಲಿ ಹುಂಜ ಕೂಗುವುದು, ಹೇಟೆ ಅದನ್ನು ಹುಡುಕಿಕೊಂಡು ಹೋಗುವುದು ವಾಡಿಕೆ. ಬೇಟೆಗಾರ ಇದನ್ನು ತಿರುವುಮುರುವು ಮಾಡಲು ಹೊರಟಿರುತ್ತಾನೆ. ಎಳೆಯ ಹುಂಜಗಳು ಮೋಸ ಹೋಗಿ ಬರುತ್ತವೆ. ನಾಲ್ಕಾರು ವಸಂತ ಕಂಡ ಮುದಿ ಹುಂಜ ಬರುವುದಿಲ್ಲ. ಗುಂಡು ತಾಗದಷ್ಟು ದೂರದಲ್ಲಿ ನಿಂತು, 'ನಿಜವಾದ ಹೇಟೆಯಾದರೆ ನೀನೇ ಬಾ' ಎನ್ನುವಂತೆ ಕೂಗುತ್ತಲೇ ಇರುತ್ತದೆ. ನನ್ನ ಶಿಷ್ಯ ಇಂಥ ಒಂದೇ ಹುಂಜದ ಹಿಂದೆ ಮೂರು ವಸಂತ ಅಲೆದು ಬರಿಗೈಯಲ್ಲಿ ಬಂದಿದ್ದಾನೆ. ಶಾಲೆಯಲ್ಲಿ ಒಂದು ಕಡೆ ಹತ್ತು ನಿಮಿಷ ಕೂರದ ಹುಡುಗ ನಸುಕಿನಲ್ಲಿ ಮೂರು ಗಂಟೆ ಕಲ್ಲಿನಂತೆ ಕೂರುವುದನ್ನು ಕಲಿತಿದ್ದಾನೆಂದರೆ ಆ ಹುಂಜ ನನಗಿಂತ ಒಳ್ಳೆಯ ಮೇಷ್ಟರೇ ಇರಬೇಕು.

ಇನ್ನು ನಮ್ಮ ಹಕ್ಕಿ. ನಂದಿ, ಚನ್ನಗಿರಿ, ಬ್ರಹ್ಮಗಿರಿ, ಸ್ಕಂದಗಿರಿಗಳ ಇಳಿಜಾರಿನ ಕುರುಚಲು ಕಾಡಿನಲ್ಲಿರುವುದು ಬೂದು ಕಾಡುಕೋಳಿ. ದಕ್ಷಿಣ ಮತ್ತು ಪಶ್ಚಿಮ ಭಾರತವನ್ನು ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲಿಯೂ ಇದು ಸಹಜವಾಗಿ ನೆಲೆಸಿಲ್ಲ. ಹುಂಜದ ಕೊರಳಿನ ಗರಿಗಳ ಮೇಲೆ ಅರಗು ತೊಟ್ಟಿಕ್ಕಿದಂತೆ ಹೊಳೆಯುವ ಹಳದಿ-ಬಿಳಿ ಚುಕ್ಕೆಗಳಿರುತ್ತವೆ. ಆ ಚುಕ್ಕೆಗಳೇ ಅದಕ್ಕೆ ಮುಳುವಾದವು. ಬ್ರಿಟನ್ನಿನಲ್ಲಿ ಸಾಲ್ಮನ್ ಮೀನು ಹಿಡಿಯುವವರು ಗಾಳದ ಕೊಕ್ಕೆಗೆ ಕಟ್ಟುವ ಕೃತಕ ನೊಣಕ್ಕೆ ಈ ಗರಿಯೇ ಶ್ರೇಷ್ಠವೆಂದು ಭಾವಿಸಿದ್ದರಿಂದ, ರಫ್ತು ನಿಲ್ಲುವವರೆಗೆ, ದಕ್ಷಿಣದ ಕಾಡುಗಳಿಂದ ಕೊರಳ ಚರ್ಮಗಳು ಹಡಗೇರಿ ಹೋದವು. ಇನ್ನೊಂದು ಸಂಗತಿ ನಿಮಗೆ ಹಿಡಿಸಬಹುದು. ಸಾಕುಕೋಳಿಯ ಮೂಲ ಕೆಂಪು ಕಾಡುಕೋಳಿಯೆಂದು ನಾವು ಪಾಠ ಮಾಡುತ್ತಿದ್ದೆವು. ಅದು ಬಹುಮಟ್ಟಿಗೆ ನಿಜವೇ. ಆದರೆ ಸಾಕುಕೋಳಿಗಳ ಚರ್ಮಕ್ಕೂ ಕಾಲಿಗೂ ಹಳದಿ ಬಣ್ಣ ಕೊಡುವ ವಂಶವಾಹಿ ಬಂದದ್ದು ನಮ್ಮ ಈ ಬೂದು ಕಾಡುಕೋಳಿಯಿಂದ ಎಂದು 2008ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿಕೊಟ್ಟರು. ಹಿತ್ತಿಲಿನಲ್ಲಿ ಕೆದಕುವ ಹಳದಿ ಕಾಲಿನ ನಾಟಿಕೋಳಿಯು ಬೆಟ್ಟದ ಹುಂಜಕ್ಕೆ ದೂರದ ಸಂಬಂಧಿ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಅಂದರೆ ಎಂಬತ್ತರ ದಶಕದಲ್ಲಿ, ನಮ್ಮ ಬೀದಿಯಲ್ಲಿ ಒಬ್ಬ ಹಳೆಯ ಬೇಟೆಗಾರರಿದ್ದರು. ಆಗಲೇ ಬೇಟೆ ಬಿಟ್ಟಿದ್ದರು. ಮಾತು ಮಾತ್ರ ಬಿಟ್ಟಿರಲಿಲ್ಲ. "ಹಳೇ ಹುಂಜ ಕೂಗಿದ ಜಾಗದಾಗೆ ಇರಾಕಿಲ್ಲ ಮೇಷ್ಟ್ರೇ, ಕೂಗಿ ಹತ್ತು ಮಾರು ಸರಕೊಂಡು ನಿಂತು ಯಾರು ಬತ್ತಾರೆ ಅಂತ ನೋಡ್ತದೆ" ಎನ್ನುತ್ತಿದ್ದರು. ಮಳೆಗಾಲ ಹಿಡಿದ ಮೇಲೆ ಹುಂಜ ಏಕೆ ಕಾಣುವುದಿಲ್ಲವೆಂದು ಕೇಳಿದರೆ "ಮುಸುಕು ಹಾಕ್ಕೊಂಡೈತೆ" ಎಂದು ನಗುತ್ತಿದ್ದರು. ಅದು ಬರಿಯ ಚಮತ್ಕಾರದ ಮಾತೆಂದು ಕೇಳಿದವರು ನಗುತ್ತಿದ್ದರು. ಸಂತಾನದ ಕಾಲ ಮುಗಿದ ಬಳಿಕ ಹುಂಜವು ಕೊರಳಿನ ಚುಕ್ಕೆಗರಿಗಳನ್ನು ಉದುರಿಸಿ, ಮಂಕಾದ ಗಿಡ್ಡ ಗರಿಗಳನ್ನು ತಳೆದು, ಕೂಗನ್ನೂ ಕಡಮೆ ಮಾಡಿಕೊಂಡಿರುತ್ತದೆ ಎಂದು ಪಕ್ಷಿಶಾಸ್ತ್ರದ ಪುಸ್ತಕಗಳು ಹೇಳುತ್ತವೆ. ಶಾಲೆಯ ಮೆಟ್ಟಿಲು ಹತ್ತದ ಆ ಹಿರಿಯರು ಹೇಳಿದ್ದೂ ಅದನ್ನೇ.

ಬೇಟೆಯ ಉಪಾಯವೂ ಅವರಿಂದಲೇ ತಿಳಿದದ್ದು. ಸಾಕಿದ ಹುಂಜವನ್ನು ಕಾಲಿಗೆ ದಾರ ಕಟ್ಟಿ ಪೊದೆಯ ಬಯಲಿನಲ್ಲಿ ನಿಲ್ಲಿಸಿ ಸುತ್ತ ಉರುಳು ಹಾಕುವುದು. ಅದು ಕೂಗಿದರೆ ತನ್ನ ಎಲ್ಲೆಯೊಳಗೆ ಯಾವನೋ ಬಂದನೆಂದು ಕಾಡಿನ ಹುಂಜ ಕಾದಾಡಲು ಬಂದು ಸಿಕ್ಕಿಬೀಳುತ್ತದೆ. ಗೌಜಲಹಕ್ಕಿಯನ್ನು ಹಿಡಿಯುವುದೂ ಹೀಗೆಯೇ. ಹಳಗನ್ನಡದಲ್ಲಿ ಇಂಥ ವಂಚನೆಯ ಹಕ್ಕಿ, ಮೃಗಗಳಿಗೆ 'ದೀವ' ಎಂಬ ಮಾತಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ಬೇಟೆಯ ಬಗೆಗಳಿಗೆಂದೇ ವಿಸ್ತಾರವಾದ ಭಾಗವಿದೆ. ಅದು ಹನ್ನೆರಡನೆಯ ಶತಮಾನದ ಗ್ರಂಥ. ಅಮೆರಿಕದವನು ಮೋಹದಿಂದ ಕರೆಯುತ್ತಾನೆ, ನಮ್ಮವನು ರೋಷದಿಂದ ಕರೆಯುತ್ತಾನೆ. ಎರಡರಲ್ಲಿಯೂ ಮುದಿ ಹುಂಜ ಅನುಮಾನ ಪಡುತ್ತದೆ.

ಈಗ ಪ್ರಶ್ನೆಗೆ ಬರೋಣ. ಅಮೆರಿಕದಲ್ಲಿ ಟರ್ಕಿ ಕೋಳಿ ಎಂದಿನಿಂದಲೂ ಹೀಗೆ ತುಂಬಿ ತುಳುಕುತ್ತಿರಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಕಾಡು ಕಡಿದು, ಮಾರುಕಟ್ಟೆಗಾಗಿ ಮಿತಿಯಿಲ್ಲದೆ ಹೊಡೆದು, ಅವುಗಳ ಸಂಖ್ಯೆ ಸುಮಾರು 2 ಲಕ್ಷಕ್ಕೆ ಇಳಿದಿತ್ತೆಂದು ಅಂದಾಜು. ಅನೇಕ ರಾಜ್ಯಗಳಲ್ಲಿ ಒಂದೂ ಉಳಿದಿರಲಿಲ್ಲ. 1937ರಲ್ಲಿ ಪಿಟ್‌ಮನ್-ರಾಬರ್ಟ್‌ಸನ್ ಕಾಯಿದೆ ಬಂತು. ಬಂದೂಕು, ತೋಟಾಗಳ ಮೇಲಿನ ತೆರಿಗೆಯ ಹಣವು ಬೊಕ್ಕಸದಲ್ಲಿ ಕರಗದೆ ವನ್ಯಜೀವಿಗಳ ಪುನರುದ್ಧಾರಕ್ಕೇ ಹೋಗಬೇಕೆಂದು ಅದು ಕಟ್ಟುಮಾಡಿತು. ಆ ಹಣದಿಂದ ಕಾಡು ಕೊಂಡರು, ಹಕ್ಕಿಗಳ ಲೆಕ್ಕ ಹಿಡಿದರು.

ಇಲ್ಲಿ ಒಂದು ಸ್ವಾರಸ್ಯವಿದೆ. ಮೊದಲಿಗೆ ಅವರು ಫಾರಂಗಳಲ್ಲಿ ಮೊಟ್ಟೆಗೆ ಯಂತ್ರದ ಕಾವು ಕೊಟ್ಟು ಮರಿ ಮಾಡಿ ಸಾವಿರಗಟ್ಟಲೆ ಕಾಡಿಗೆ ಬಿಟ್ಟರು. ಹೆಚ್ಚಿನವು ಬದುಕಲೇ ಇಲ್ಲ. ರೆಕ್ಕೆ, ಕಾಲು, ಕೊಕ್ಕು ಎಲ್ಲ ಇದ್ದವು, ಹೆದರಿಕೆ ಇರಲಿಲ್ಲ. ಯಾವ ನೆರಳಿಗೆ ಅಡಗಬೇಕು, ಯಾವ ಸದ್ದಿಗೆ ಉಸಿರು ಬಿಗಿಹಿಡಿಯಬೇಕು ಎಂಬುದನ್ನು ಹೇಳಿಕೊಡಲು ತಾಯಿ ಇರಲಿಲ್ಲ. ಕೊನೆಗೆ ಐವತ್ತರ ದಶಕದಿಂದೀಚೆಗೆ ಫಿರಂಗಿಯಂತೆ ಸಿಡಿದು ಹರಡುವ ಬಲೆಗಳಿಂದ ಕಾಡಿನ ಹಕ್ಕಿಗಳನ್ನೇ ಹಿಡಿದು, ಬರಿದಾದ ಕಾಡುಗಳಿಗೆ ಸಾಗಿಸಿ ಬಿಟ್ಟರು. ಅವು ನೆಲೆಯೂರಿದವು. ಇಂದು ಅವುಗಳ ಸಂಖ್ಯೆ 60 ಲಕ್ಷದ ಆಸುಪಾಸಿನಲ್ಲಿದೆ. ಇತ್ತೀಚಿನ ವರ್ಷಗಳಲ್ಲಿ ಕೆಲವು ರಾಜ್ಯಗಳಲ್ಲಿ ಮರಿಗಳು ಕಡಮೆಯಾಗುತ್ತಿರುವುದನ್ನು ಕಂಡು ಬೇಟೆಯ ಕಾಲವನ್ನು ತಡಮಾಡಿ, ಒಬ್ಬನಿಗೆ ಇಷ್ಟೇ ಹಕ್ಕಿ ಎಂಬ ಮಿತಿಯನ್ನೂ ಇಳಿಸಿದ್ದಾರೆ. ಎಣಿಸುವವರು ಇರುವುದರಿಂದಲೇ ಕಡಮೆಯಾದದ್ದು ತಿಳಿಯಿತು ಎಂಬುದನ್ನು ಗಮನಿಸಿ.

ಹೀಗಾಗಿ ಹಕ್ಕಿಯನ್ನು ಉಳಿಸಿದ್ದು ಬಂದೂಕು ಎಂದು ನನ್ನ ಶಿಷ್ಯ ತಿಳಿದಿದ್ದರೆ ಅದು ಪೂರ್ತಿ ಸರಿಯಲ್ಲ. ಕಾಡು ಉಳಿಯಿತು, ಲೆಕ್ಕ ಉಳಿಯಿತು, ಹಕ್ಕಿಯನ್ನು ಹಿಡಿಯಬಲ್ಲ ಕೈಗಳನ್ನು ಹಕ್ಕಿಯ ಕೆಲಸಕ್ಕೇ ಬಳಸಿದರು. ಪರವಾನಗಿ ಇದೆಲ್ಲದರ ಮೇಲೆ ಕುಳಿತ ಮುಚ್ಚಳ. ನಾವು ಪಾತ್ರೆಯಿಲ್ಲದೆ ಮುಚ್ಚಳವನ್ನು ಮಾತ್ರ ತರಿಸಿಕೊಂಡರೆ ಏನು ಪ್ರಯೋಜನ?

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಾಗ ಕೆಲವು ಬೇಟೆಗಳಿಗೆ ಲೈಸೆನ್ಸ್ ಕೊಡುವ ಅವಕಾಶ ಇನ್ನೂ ಇತ್ತು. 1991ರ ತಿದ್ದುಪಡಿ ಆ ಬಾಗಿಲನ್ನು ಮುಚ್ಚಿತು. 2022ರ ತಿದ್ದುಪಡಿ ಸಾಮಾನ್ಯ ದಂಡದ ಗರಿಷ್ಠ ಮಿತಿಯನ್ನು 25 ಸಾವಿರದಿಂದ 1 ಲಕ್ಷ ರೂಪಾಯಿಗೆ ಏರಿಸಿತು, ಸೆರೆವಾಸ ಬೇರೆ. ಈ ನಿಷೇಧ ಇರಲೇಬೇಕು ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಕಾರಣ ಭಾವುಕತೆಯಲ್ಲ, ಉರುಳು. ವಸಂತದ ಬೇಟೆಯಲ್ಲಿ ಪೆನ್ಸಿಲ್ವೇನಿಯಾದವನು ಎದೆಯ ಮೇಲೆ ಗಡ್ಡದಂಥ ಕುಚ್ಚು ಇರುವ ಹಕ್ಕಿಯನ್ನು ಮಾತ್ರ ಹೊಡೆಯಬಹುದು. ಅಂದರೆ ಬಹುಪಾಲು ಹುಂಜವನ್ನೇ. ಕಾವು ಕೂರುವುದೂ ಮರಿ ಸಾಕುವುದೂ ಹೇಟೆಯ ಪಾಲಿನ ಕೆಲಸವಾದ್ದರಿಂದ ಒಂದು ಹುಂಜ ಹೋದರೆ ಗೂಡು ಹಾಳಾಗುವುದಿಲ್ಲ. ನಮ್ಮ ಕಾಡುಕೋಳಿಯಲ್ಲಿಯೂ ಕಾವು ಹೇಟೆಯದೇ. ಆದರೆ ನಮ್ಮ ಕಡೆ ಈಗ ಗುಟ್ಟಾಗಿ ನಡೆಯುವ ಬೇಟೆಯಲ್ಲಿ ಬೇಟೆಗಾರ ಸ್ಥಳದಲ್ಲಿ ಇರುವುದೇ ಇಲ್ಲ. ಸಂಜೆ ಉರುಳು ಕಟ್ಟಿ ಮನೆಗೆ ಹೋಗಿ ಮಲಗುತ್ತಾನೆ. ಬಂದೂಕು ಹಿಡಿದವನಿಗಾದರೂ ಕಣ್ಣಿದೆ, ಉರುಳಿಗೆ ಕಣ್ಣಿಲ್ಲ. ನೀರಿಗೆ ಇಳಿದ ಹೇಟೆ, ಅದರ ಹಿಂದಿನ ಮರಿ, ಮೊಲ, ಒಮ್ಮೊಮ್ಮೆ ನವಿಲು, ಯಾವುದು ಮೊದಲು ಬಂತೋ ಅದು ಸಿಕ್ಕಿತು. ಬೆಳಿಗ್ಗೆ ಮರೆತು ಹೋದರೆ ಕೊಳೆಯಿತು. ಇಲ್ಲಿ ಮುದಿ ಹುಂಜದ ಜಾಣತನಕ್ಕೆ ಎದುರಾಗಿ ನಿಲ್ಲುವ ಮನುಷ್ಯನ ಜಾಣತನವೆಂಬುದೇ ಇಲ್ಲ. ಇದನ್ನು ಬೇಟೆ ಎಂದು ಕರೆದರೆ ಆ ಹಳೆಯ ಬೇಟೆಗಾರರಿಗೆ ಅವಮಾನ.

ನೆಂಟರಿಷ್ಟರಿಗೆ ಸಂಬಂಧಿಸಿದ್ದೆಂದು ಮೊದಲೇ ಹೇಳಿದೆನಲ್ಲ, ಅದು ಇದೇ. ಯುಗಾದಿಯ ಮಾರನೆಯ ದಿನ ಹೊಸತೊಡಕು. ಮಾಂಸದಡುಗೆ ನಮ್ಮ ಸೀಮೆಯ ಸಂಪ್ರದಾಯ. ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಬೆಂಗಳೂರಿನಿಂದ ಕಾರಿನಲ್ಲಿ ಬರುವವರಿಗೆ "ಈ ಸಲ ಕಾಡುಕೋಳಿ ಸಾರು ಮಾಡಿಸಿದ್ದೇವೆ" ಎಂದು ಮೀಸೆ ತಿರುವುವ ಹೊಸ ಪದ್ಧತಿ ಶುರುವಾಗಿದೆ. ಇದು ಹಸಿವಿನಿಂದ ಹುಟ್ಟಿದ್ದಲ್ಲ, ಡೌಲಿನಿಂದ ಹುಟ್ಟಿದ್ದು. ಯುಗಾದಿ ಬರುವುದು ಮಾರ್ಚ್, ಏಪ್ರಿಲ್ ತಿಂಗಳಲ್ಲಿ. ಕಾಡುಕೋಳಿ ನೆಲದ ಮೇಲೆ ತರಗೆಲೆಯ ನಡುವೆ ನಾಲ್ಕಾರು ಮೊಟ್ಟೆಯಿಟ್ಟು ಸುಮಾರು ಮೂರು ವಾರ ಕಾವು ಕೂರುವುದೂ ಹೆಚ್ಚಾಗಿ ಫೆಬ್ರವರಿಯಿಂದ ಮೇ ತಿಂಗಳವರೆಗಿನ ಅವಧಿಯಲ್ಲಿಯೇ. ಒಂದು ಬಟ್ಟಲು ಸಾರಿಗೆ ಎಷ್ಟು ಮೊಟ್ಟೆ ತಣ್ಣಗಾದವೆಂದು ಅತಿಥಿಗೆ ಯಾರು ಲೆಕ್ಕ ಹೇಳುತ್ತಾರೆ? ರುಚಿಯ ಮಾತೇ ಆದರೆ, ಬಯಲಿನಲ್ಲಿ ಮೇಯ್ದ ಒಳ್ಳೆಯ ನಾಟಿಕೋಳಿಗೆ ಮುದ್ದೆಯ ಜೊತೆ ಸಮ ಯಾವುದೂ ಇಲ್ಲವೆಂದು ತಿಂದವರೇ ಹೇಳುತ್ತಾರೆ. ನನ್ನ ಮಾತು ಕೆಲವರಿಗೆ ಕಹಿಯಾದೀತು. ಬೇವು ಬೆಲ್ಲದ ಹಬ್ಬದಲ್ಲಿ ಅಷ್ಟು ಕಹಿ ಇರಲಿ.

ಆದರೆ ನಿಷೇಧ ಇದೆಯೆಂದ ಮಾತ್ರಕ್ಕೆ ನಮ್ಮ ಕೆಲಸ ಮುಗಿಯಿತೆಂದು ಕೈತೊಳೆದುಕೊಂಡದ್ದನ್ನು ನಾನು ಒಪ್ಪಲಾರೆ. ಉರುಳು ಒಂದೊಂದಾಗಿ ಕೊಲ್ಲುತ್ತದೆ. ಪೊದೆ ಹೋದರೆ ಇಡೀ ಕುಲವೇ ಹೋಗುತ್ತದೆ. ಎಂಬತ್ತರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಅಂದಿನ ಕೋಲಾರ ಜಿಲ್ಲೆಯ ಹೊಲ, ಗೋಮಾಳಗಳಿಗೆ ನೀಲಗಿರಿ ನುಗ್ಗಿತು. ಹೊಸ ನೆಡುವಿಕೆಯನ್ನು ಸರ್ಕಾರ ನಿಷೇಧಿಸಿದ್ದು 2017ರಲ್ಲಿ. ನೀಲಗಿರಿ ತೋಪಿನ ಕೆಳಗೆ ಕೋಳಿಗೆ ಹಣ್ಣಿಲ್ಲ, ಗೆದ್ದಲಿಲ್ಲ, ಮರೆಯಿಲ್ಲ. ಬೇಸಗೆಯಲ್ಲಿ ಬೆಟ್ಟಕ್ಕೆ ಇಡುವ ಬೆಂಕಿಯಂತೂ ನೆಲದ ಮೇಲಿನ ಗೂಡಿಗೆ ನೇರವಾಗಿ ಇಡುವ ಬೆಂಕಿ. ಕಲ್ಲುಗಣಿಗಳ ಸಿಡಿತವನ್ನು ಹೇಳುವುದೇ ಬೇಡ. 2021ರ ಫೆಬ್ರವರಿಯಲ್ಲಿ ಹಿರೇನಾಗವಲ್ಲಿಯ ಬಳಿ ಜಿಲೆಟಿನ್ ಸ್ಫೋಟದಲ್ಲಿ ಆರು ಜನ ಸತ್ತಾಗ ನಾಡಿಗೆ ನಮ್ಮ ಜಿಲ್ಲೆಯ ಗಣಿಗಳ ನೆನಪಾಯಿತು. ವಾರಾಂತ್ಯದಲ್ಲಿ ಬರುವವರು ಎಸೆದುಹೋದ ಅನ್ನಕ್ಕೆ ಬೀದಿನಾಯಿಗಳು ಬೆಟ್ಟ ಹತ್ತುತ್ತವೆ. ನೆಲದ ಹಕ್ಕಿಗೆ ನಾಯಿ ಎಂಥ ಶತ್ರುವೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇದಕ್ಕಿಂತಲೂ ನನ್ನನ್ನು ಹೆಚ್ಚು ಕಾಡುವ ಸಂಗತಿ ಇನ್ನೊಂದಿದೆ. ನಮ್ಮಲ್ಲಿ ಹಕ್ಕಿಪಿಕ್ಕಿ ಎಂಬ ಸಮುದಾಯವಿದೆ. ಹೆಸರೇ ಹೇಳುವಂತೆ ಹಕ್ಕಿ ಹಿಡಿಯುವುದು ಅವರ ಕುಲಕಸುಬಾಗಿತ್ತು. ಮನೆಮಾತು ವಾಗ್ರಿಬೋಲಿ. ಯಾವ ಹಕ್ಕಿ ಯಾವ ತಿಂಗಳು ಯಾವ ಪೊದೆಗೆ ಬರುತ್ತದೆಂಬುದು ಅವರಿಗೆ ಬಾಯಿಪಾಠ. ಕಾಯಿದೆ ಬಂದಾಗ ಕಸುಬು ಒಮ್ಮೆಗೇ ಅಪರಾಧವಾಯಿತು. ಆಗಬೇಕಾದದ್ದೇ ಎನ್ನೋಣ. ಆದರೆ ಆ ಅರಿವಿಗೆ ನಾವು ಬೇರೆ ಕೆಲಸ ಕೊಟ್ಟೆವೇ? ಅವರಲ್ಲಿ ಅನೇಕರು ಗಿಡಮೂಲಿಕೆ, ತಲೆಗೂದಲ ಎಣ್ಣೆ ಮಾರುತ್ತ ಊರೂರು ಸುತ್ತಿ, ಕೊನೆಗೆ ಆಫ್ರಿಕಾದವರೆಗೂ ಹೋದರು. 2023ರ ಏಪ್ರಿಲ್‌ನಲ್ಲಿ ಸೂಡಾನಿನಲ್ಲಿ ಯುದ್ಧ ಹೊತ್ತಿಕೊಂಡಾಗ ಕರ್ನಾಟಕದ ಹಕ್ಕಿಪಿಕ್ಕಿಗಳು ಅಲ್ಲಿ ಸಿಕ್ಕಿಕೊಂಡಿದ್ದಾರೆಂದು ಪತ್ರಿಕೆಯಲ್ಲಿ ಓದಿ ನಾವು ಬೆರಗಾದೆವು. 'ಆಪರೇಷನ್ ಕಾವೇರಿ'ಯಲ್ಲಿ ಭಾರತೀಯರನ್ನು ಕರೆತಂದ ಸುದ್ದಿ ಓದಿ ಸಮಾಧಾನಪಟ್ಟು ಪುಟ ಮಗುಚಿದೆವು. ಹಕ್ಕಿಯನ್ನು ಬಲ್ಲವರು ಖಾರ್ಟೂಮಿನಲ್ಲಿ ಎಣ್ಣೆ ಮಾರುವುದು, ಹಕ್ಕಿಯನ್ನು ಅರಿಯದವರು ಇಲ್ಲಿ ಹಕ್ಕಿಯನ್ನು ಕಾಯುವುದು! ಅಮೆರಿಕದವರು ಬರಿದಾದ ಕಾಡನ್ನು ತುಂಬಿಸಿದ್ದು ಬಲೆ ಬೀಸುವ ವಿದ್ಯೆಯಿಂದ ಎಂಬುದನ್ನು ಮರೆಯಬೇಡಿ.

ಇದು ನಮ್ಮ ದೇಶದಲ್ಲಿ ಆಗದ ಮಾತೇನಲ್ಲ. ನೆರೆಯ ತಮಿಳುನಾಡಿನಲ್ಲಿ ಇರುಳರು ಹಾವು ಹಿಡಿದು ಚರ್ಮಕ್ಕಾಗಿ ಮಾರಿ ಬದುಕುತ್ತಿದ್ದರು. ಅದೇ 1972ರ ಕಾಯಿದೆಯ ನಂತರ ಅವರ ಬದುಕೂ ಮುರಿಯಿತು. 1978ರಲ್ಲಿ ರೋಮ್ಯುಲಸ್ ವಿಟೇಕರ್ ಅವರ ನೆರವಿನಿಂದ ಇರುಳರ ಸಹಕಾರ ಸಂಘವೊಂದು ಚೆನ್ನೈ ಬಳಿ ಹುಟ್ಟಿತು. ಹಾವನ್ನು ಹಿಡಿದು, ವಿಷ ತೆಗೆದು, ಮತ್ತೆ ಬಿಟ್ಟುಬಿಡುವುದು ಅದರ ಕೆಲಸ. ಹಾವು ಕಡಿತದ ಔಷಧಕ್ಕೆ ದೇಶದಲ್ಲಿ ಬೇಕಾಗುವ ವಿಷದ ದೊಡ್ಡ ಪಾಲು ಅಲ್ಲಿಂದ ಬಂದಿದೆ. 2023ರಲ್ಲಿ ಆ ಸಮುದಾಯದ ವಡಿವೇಲ್ ಗೋಪಾಲ್, ಮಾಸಿ ಸಡೈಯನ್ ಎಂಬಿಬ್ಬರಿಗೆ ಪದ್ಮಶ್ರೀ ಬಂತು. ಕಾನೂನು ಒಂದೇ, ವಿದ್ಯೆಯೂ ಅದೇ ಬಗೆಯದು. ಅಲ್ಲಿ ಯಾರೋ ಕುಳಿತು ಯೋಚಿಸಿದರು.

ಆದ್ದರಿಂದ ನನ್ನ ಶಿಷ್ಯನಿಗೆ ನಾನು ಬರೆದದ್ದು ಇಷ್ಟು: ಪರವಾನಗಿ ಬೇಡ. ಅದಕ್ಕೆ ಮೊದಲು ಬೆಟ್ಟದ ಬುಡದ ಕುರುಚಲನ್ನು 'ಪಾಳು' ಎಂದು ಕಾಗದದಲ್ಲಿ ಬರೆಯುವುದನ್ನು ಬಿಡೋಣ. ಅಲ್ಲಿ ಸಾಲುಮರ ನೆಟ್ಟು ಫೋಟೋ ತೆಗೆಸಿಕೊಳ್ಳುವುದನ್ನೂ ಬಿಡೋಣ. ಕಾಡುಕೋಳಿಗೆ ಬೇಕಾದದ್ದು ಮುಳ್ಳಿನ ಪೊದೆ, ಉದ್ಯಾನವಲ್ಲ. ಬೆಂಕಿ ಕಾವಲಿಗೂ ಉರುಳು ಹುಡುಕಿ ಕೀಳುವುದಕ್ಕೂ ಉರುಳು ಹಾಕಬಲ್ಲವರನ್ನೇ ಸಂಬಳ ಕೊಟ್ಟು ನೇಮಿಸಲಿ. ಎಲ್ಲಿ ಕಟ್ಟಿದ್ದಾರೆಂಬುದು ಅವರಿಗೆ ಮಾತ್ರ ಒಂದೇ ನೋಟಕ್ಕೆ ಹೊಳೆಯುತ್ತದೆ. ಅವನಿಗೆ ಇದು ಪೂರ್ತಿ ಒಪ್ಪಿಗೆಯಾಗಿಲ್ಲ. 'ಹಣ ಎಲ್ಲಿಂದ ಮೇಷ್ಟ್ರೇ' ಎಂದು ಮರುಪ್ರಶ್ನೆ ಹಾಕಿದ್ದಾನೆ. ನಸುಕಿನಲ್ಲಿ ನಂದಿಗೆ ಬರುವ ವಾಹನಗಳಿಂದ ಶುಲ್ಕ ವಸೂಲಿಯಾಗುತ್ತಲೇ ಇದೆ; ಅದರ ಒಂದು ಪಾಲು ಹಕ್ಕಿಗೆ ಮೀಸಲಾಗಲಿ ಎಂದಿದ್ದೇನೆ.

ಇನ್ನು ಎಣಿಕೆ. ಅದನ್ನು ಸರ್ಕಾರಕ್ಕೆ ಕಾಯದೆ ನಾವೇ ಶುರುಮಾಡಬಹುದು. ಊರಿನಲ್ಲಿರುವ ವಿದ್ಯಾರ್ಥಿಗಳು, ಅವರ ಮಕ್ಕಳು, ಫೆಬ್ರವರಿಯಿಂದ ಮೇ ತಿಂಗಳವರೆಗೆ ಬೆಳಗಿನ ಜಾವ ಕಾಡುಕೋಳಿ ಹುಂಜದ ಕೂಗು ಕೇಳಿದರೆ ದಿನ, ಗಂಟೆ, ಯಾವ ಇಳಿಜಾರು ಎಂದು ಒಂದು ಸಾಲು ಬರೆದು ನನಗೆ ಮುಟ್ಟಿಸಿ. ಊರ ಹುಂಜದ 'ಕೊಕ್ಕೋಕೋ'ಗಿಂತ ಅದು ಒಡಕು ದನಿ, ತುಂಡುತುಂಡಾಗಿರುತ್ತದೆ. ಒಮ್ಮೆ ಕೇಳಿದರೆ ಮರೆಯುವುದಿಲ್ಲ. ಸ್ಥಳದ ಗುರುತನ್ನು ಇಲ್ಲಿ ಪ್ರಕಟಿಸುವುದಿಲ್ಲ. ಕಾರಣ ನಿಮಗೆ ಗೊತ್ತು. ನೂರು ಪುಟದ ನೋಟುಪುಸ್ತಕಕ್ಕೆ ಗೆರೆ ಎಳೆದು ಇಟ್ಟಿದ್ದೇನೆ. ಈವರೆಗೆ ಅದರಲ್ಲಿ ಏಳು ನಮೂದುಗಳಿವೆ. ಐದನ್ನು ತಂದುಕೊಟ್ಟವನು ಬೆಟ್ಟದ ಬುಡದಲ್ಲಿ ಕುರಿ ಮೇಯಿಸುವ ಒಬ್ಬನೇ ಹುಡುಗ.